ನಾಳೆ ನನ್ನ ಬರ್ತ್‌ಡೇ, ಡೆಂಗ್ಯೂ ಜ್ವರ ಇವತ್ತು ಬೆಳಿಗ್ಗೆ ಬಿಟ್ಟಿದೆ, ಟ್ರಿಪ್‌ಗೆ ಹೋಗ್ಬಹುದಾ ಇಲ್ಲಾ ಮನೇಲೇ ಇರ್ಬೇಕಾ?

ತೀರ್ಥಳ್ಳಿ_ಹುಡ್ಗಿ (ಶನಿವಾರ ಬೆಳಿಗ್ಗೆ 9:40)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ ಪ್ಲೀಸ್. ನಾನು ವಿಜಯನಗರದಲ್ಲಿ ಒಂದು ಚಿಕ್ಕ ಮನೇಲಿ ಬಾಡಿಗೆಗೆ ಇದ್ದೀನಿ, ಜೊತೆಗಿರೋ ಹುಡ್ಗಿ ಊರಿಗೆ ಹೋಗಿದಾಳೆ, ಮುಂದಿನ ವಾರ ಬರ್ತಾಳೆ. ಮಂಗಳವಾರ ರಾತ್ರಿ ಚಳಿ ಜ್ವರ ಶುರುವಾಯ್ತು, 103 ತನಕ ಹೋಯ್ತು, ಕಣ್ಣಿನ ಹಿಂದೆ ಒತ್ತಿದ ಹಾಗೆ ನೋವು, ಸೊಂಟ ಕಾಲು ಎಲ್ಲಾ ಮುರಿದು ಹಾಕಿದಂಗೆ. ಗುರುವಾರ ಟೆಸ್ಟ್ ಮಾಡಿಸಿದೆ, ಎನ್‌ಎಸ್‌1 ಅನ್ನೋ ಡೆಂಗ್ಯೂ ಟೆಸ್ಟು ಪಾಸಿಟಿವ್ ಬಂತು. ಪ್ಲೇಟ್‌ಲೆಟ್ ಗುರುವಾರ 1.42 ಲಕ್ಷ ಇತ್ತು, ನಿನ್ನೆ 98 ಸಾವಿರ. ಡಾಕ್ಟರು ಅಡ್ಮಿಟ್ ಏನೂ ಬೇಡ, ಡೋಲೋ ತಗೊಂಡು ನೀರು ಚೆನ್ನಾಗಿ ಕುಡಿದು ರೆಸ್ಟ್ ಮಾಡಿ, ದಿನಾ ಬ್ಲಡ್ ಟೆಸ್ಟ್ ಮಾಡಿಸಿ ಅಂತ ಕಳ್ಸಿದ್ರು.

ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ಜ್ವರಾನೇ ಇಲ್ಲ, 98.4. ಮೈ ಹಗುರ ಅನ್ನಿಸ್ತಿದೆ ಆದ್ರೆ ಸುಸ್ತು ಮಾತ್ರ ಹಾಗೇ ಇದೆ.

ವಿಷ್ಯ ಏನಂದ್ರೆ ನಾಳೆ ಭಾನುವಾರ ನಂಗೆ ಮೂವತ್ತು ತುಂಬತ್ತೆ. ಕಾಲೇಜಿನ ಗೆಳತಿಯರೆಲ್ಲಾ ಸೇರಿ ಸಕಲೇಶಪುರದ ಹತ್ರ ಹೋಂಸ್ಟೇ ಬುಕ್ ಮಾಡಿದ್ವಿ, ಒಬ್ಳು ಪುಣೆಯಿಂದ ಬರ್ತಿದಾಳೆ, ಎಷ್ಟೋ ತಿಂಗಳಿಂದ ಮಾತಾಡ್ಕೊಂಡು ಎಲ್ಲರ ರಜೆ ಹೊಂದಿಸ್ಕೊಂಡು ಮಾಡಿದ್ದು. ಅವ್ರು ಹೇಳೋದು ಜ್ವರ ಬಿಟ್ಟಿದೆ ತಾನೇ, ಕಾರಲ್ಲಿ ಹಿಂದಿನ ಸೀಟಲ್ಲಿ ಮಲ್ಕೊಂಡು ಬಾ, ಅಲ್ಲೂ ಮಲಗಿರು, ಮಳೆ ನೋಡ್ತಾ ಇರು, ನಾವೇ ನೋಡ್ಕೋತೀವಿ ಅಂತ. ನಂಗೂ ಆಸೆ ಆಗ್ತಿದೆ. ಇಲ್ಲಿ ಒಬ್ಳೇ ಈ ನಾಲ್ಕು ಗೋಡೆ ನೋಡ್ಕೊಂಡು ಹುಟ್ಟಿದಬ್ಬ ಮಾಡ್ಬೇಕಾ ಅಂತ ಬೆಳಿಗ್ಗೆಯಿಂದ ಅಳು ಬರ್ತಿದೆ. ಊರಲ್ಲಿ ಅಮ್ಮಂಗೆ ಬರೀ ಜ್ವರ ಅಂತ ಹೇಳಿದೀನಿ, ಅಜ್ಜಿ ಹಾಸಿಗೆ ಹಿಡಿದಿದಾರೆ, ಅಮ್ಮ ಬಿಟ್ಟು ಬರೋ ಹಾಗಿಲ್ಲ, ಸುಮ್ನೆ ಹೆದರ್ತಾರೆ ಅಂತ.

ಡೆಂಗ್ಯೂ ಆಗಿರೋರು ಯಾರಾದ್ರೂ ಇದ್ರೆ ಹೇಳಿ, ಹೋಗ್ಬಹುದಾ? ಹೋಗ್ಬಾರ್ದು ಅಂದ್ರೆ ಈ ಎರಡು ದಿನ ಹೆಂಗೆ ಕಳೀಲಿ?

ಗಾಂಧಿಬಜಾರ್_ಗೆಳೆಯ (ಶನಿವಾರ 9:52)

ಹೋಗ್ಬೇಡಿ. ಸಕಲೇಶಪುರ ಅಂದ್ರೆ 220 ಕಿಲೋಮೀಟರ್ ಹತ್ರ, ಅಲ್ಲಿಂದ ಒಳಗೆ ಎಸ್ಟೇಟ್ ರೋಡು, ಎಷ್ಟೋ ಕಡೆ ನೆಟ್‌ವರ್ಕೇ ಸಿಗಲ್ಲ. ರಾತ್ರಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಮಳೇಲಿ ಆಸ್ಪತ್ರೆಗೆ ಬರೋದು ಹೇಗೆ ಅಂತ ಯೋಚ್ನೆ ಮಾಡಿ. ಮುಂಚಿತವಾಗಿ ಹುಟ್ಟುಹಬ್ಬದ ಶುಭಾಶಯ ಕಣ್ರೀ, ಬೇಗ ಹುಷಾರಾಗಿ.

ಬೆಣ್ಣೆದೋಸೆ_ಸಿಸ್ಟರ್ (ಶನಿವಾರ 10:25)

ನಾನು ದಾವಣಗೆರೆ ಕಡೆಯವಳು, ಸ್ಟಾಫ್ ನರ್ಸ್, ಮಳೆಗಾಲ ಬಂದ್ರೆ ನಮ್ಮ ವಾರ್ಡಲ್ಲಿ ಅರ್ಧ ಡೆಂಗ್ಯೂನೇ ಇರುತ್ತೆ. ತಂಗಿ, ದಯವಿಟ್ಟು ಇದನ್ನ ನಿಧಾನವಾಗಿ ಓದು, ನಿನ್ನ ಗೆಳತಿಯರಿಗೂ ತೋರ್ಸು.

ಡೆಂಗ್ಯೂಲಿ ಜ್ವರ ಇರೋ ದಿನಗಳು ನೋವಿನ ದಿನಗಳು, ಆದ್ರೆ ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಯೋದು ಜ್ವರ ಬಿಟ್ಟ ಮೇಲಿನ ದಿನಗಳನ್ನ. ಶುರುವಾಗಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತೆ, ಇಳಿದ ಆಮೇಲೆ ಒಂದು 24ರಿಂದ 48 ಗಂಟೆ ಇದ್ಯಲ್ಲ ಅದೇ ಅಪಾಯದ ಹೊತ್ತು. ಎಲ್ರಿಗೂ ಹಾಗಾಗಲ್ಲ, ಹೆಚ್ಚಿನವ್ರು ಏನೂ ಆಗ್ದೆ ದಾಟ್ತಾರೆ, ಆದ್ರೆ ಕೆಲವರಿಗೆ ಆ ಹೊತ್ತಲ್ಲಿ ಸಣ್ಣ ರಕ್ತನಾಳಗಳು ಹಳೇ ಪೈಪ್ ಜಿನುಗಿದ ಹಾಗೆ ಜಿನುಗಕ್ಕೆ ಶುರುವಾಗುತ್ತೆ, ರಕ್ತದಲ್ಲಿರೋ ನೀರಿನಂಶ ಹೊಟ್ಟೆಗೋ ಎದೆಗೂಡಿಗೋ ಸೋರಿ ಬಿಪಿ ಬೀಳುತ್ತೆ. ಮುಟ್ಟಿದ್ರೆ ಮೈ ಬಿಸಿ ಇರಲ್ಲ, ಜ್ವರ ಹೋಯ್ತು ಅಂತ ಮನೆಯವ್ರೂ ನೆಮ್ಮದಿಯಾಗಿ ಬಿಡ್ತಾರೆ. ನಿಂದು ಮಂಗಳವಾರ ರಾತ್ರಿ ಶುರು, ಶನಿವಾರ ಬೆಳಿಗ್ಗೆ ಇಳಿದಿದೆ, ಅಂದ್ರೆ ಆ ಹೊತ್ತು ಇವತ್ತಿಂದ ಸೋಮವಾರ ಬೆಳಿಗ್ಗೆವರೆಗೆ. ನಿನ್ನ ಬರ್ತ್‌ಡೇ ಸರಿಯಾಗಿ ಅದರ ಮಧ್ಯ ಬಂದಿದೆ. ಟ್ರಿಪ್ ಬೇಡವೇ ಬೇಡ.

ಈಗ ನಂಗೆ ಟ್ರಿಪ್‌ಗಿಂತ ಚಿಂತೆ ಆಗಿರೋದು ನೀನು ಒಬ್ಳೇ ಇದೀಯ ಅನ್ನೋದು. ಡೆಂಗ್ಯೂನ ಮನೇಲಿ ನೋಡ್ಕೊಳ್ಳಿ ಅಂತ ಡಾಕ್ಟರು ಕಳಿಸ್ತಾರಲ್ಲ, ಅದು ಮನೇಲಿ ಯಾರೋ ನೋಡ್ಕೊಳ್ಳೋರು ಇದ್ದಾರೆ ಅನ್ನೋ ಲೆಕ್ಕದ ಮೇಲೆ. ಒಂಟಿಯಾಗಿರೋರು, ಆಸ್ಪತ್ರೆಯಿಂದ ದೂರ ಇರೋರು, ಇವ್ರನ್ನ ಅಡ್ಮಿಟ್ ಮಾಡ್ಕೊಂಡೇ ನೋಡೋದು ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ನೀನು ಒಬ್ಳೇ ಇರೋದು ಡಾಕ್ಟರಿಗೆ ಗೊತ್ತಾ? ಇಲ್ಲಾಂದ್ರೆ ಈಗ್ಲೇ ಫೋನ್ ಮಾಡಿ ಹೇಳು. ಸೋಮವಾರದವರೆಗೆ ರಾತ್ರಿ ಹಗಲು ಒಬ್ರು ಜೊತೆ ಇರ್ಬೇಕು, ಅಮ್ಮನೋ ಚಿಕ್ಕಮ್ಮನೋ ಗೆಳತಿಯೋ ಯಾರಾದ್ರೂ ಸರಿ. ಯಾರೂ ಸಿಗಲಿಲ್ಲ ಅಂದ್ರೆ ಎರಡು ದಿನ ಅಡ್ಮಿಟ್ ಆಗು.

ಜೊತೆಗಿರೋರಿಗೆ ಇದನ್ನ ಹೇಳಿಡು: ಬಿಡದೆ ಹೊಟ್ಟೆ ನೋವು, ನಿಲ್ಲದೆ ವಾಂತಿ, ಮೂಗಲ್ಲೋ ವಸಡಲ್ಲೋ ರಕ್ತ, ಕಪ್ಪು ಮಲ, ಮಂಕು ಕವಿದ ಹಾಗೆ ಮಾತಾಡದೆ ಮಲಗಿರೋದು ಇಲ್ಲಾ ಸುಮ್ಮಸುಮ್ಮನೆ ಚಡಪಡಿಕೆ, ಕೈಕಾಲು ತಣ್ಣಗಾಗೋದು, ಉಸಿರಾಟಕ್ಕೆ ಕಷ್ಟ, ಇದರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ನೋಡಣ ಅಂತ ಕಾಯಬಾರದು, ಆ ಕ್ಷಣ ಹೊರಡಬೇಕು. ಇನ್ನೊಂದು, ಹೆಣ್ಮಕ್ಕಳು ಹೇಳಕ್ಕೆ ನಾಚ್ಕೋತಾರೆ ಅಂತ ನಾನೇ ಹೇಳ್ತೀನಿ, ಈ ಟೈಮಲ್ಲಿ ಪೀರಿಯಡ್ಸ್ ಶುರುವಾಗಿ ಜಾಸ್ತಿ ಹೋಗ್ತಿದ್ರೆ ಅದೂ ರಕ್ತಸ್ರಾವನೇ, ಡಾಕ್ಟರಿಗೆ ಹೇಳ್ಲೇಬೇಕು.

ನೀರಿನ ವಿಷ್ಯ. ಬರೀ ನೀರು ಲೀಟರ್‌ಗಟ್ಟಲೆ ಕುಡಿದ್ರೆ ಸಾಲಲ್ಲ, ಉಪ್ಪಿನಂಶನೂ ಬೇಕು. ಓಆರ್‌ಎಸ್ ಪುಡಿ ತಂದು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸು, ಎಳನೀರು, ಗಂಜಿ ತಿಳಿ, ಉಪ್ಪು ಹಾಕಿದ ನೀರು ಮಜ್ಜಿಗೆ ಎಲ್ಲಾ ಆಗುತ್ತೆ. ಒಂದೇ ಸಲ ದೊಡ್ಡ ಲೋಟ ಬೇಡ, ವಾಂತಿ ಬರುತ್ತೆ, ಗುಟುಕು ಗುಟುಕಾಗಿ. ಸಾಕಾಗಿದ್ಯಾ ಅಂತ ತಿಳಿಯೋದು ಸುಲಭ, ನಾಲ್ಕರಿಂದ ಆರು ಗಂಟೆಗೊಂದ್ಸಲ ಮೂತ್ರ ಹೋಗ್ತಿರಬೇಕು, ಆರು ಗಂಟೆ ದಾಟಿದ್ರೆ ಡಾಕ್ಟರಿಗೆ ಫೋನ್ ಹೋಗ್ಬೇಕು. ಮೈಕೈ ನೋವಿಗೆ ಪ್ಯಾರಸಿಟಮಾಲ್ (ನಿನ್ನ ಡೋಲೋ ಅದೇ) ಬಿಟ್ರೆ ಬೇರೆ ಏನೂ ಬೇಡ. ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೋಫಿನ್ಯಾಕ್, ಡಿಸ್ಪ್ರಿನ್ ಇವೆಲ್ಲ ರಕ್ತಸ್ರಾವ ಹೆಚ್ಚು ಮಾಡ್ತವೆ. ಸೊಂಟಕ್ಕೊಂದು ನೋವಿನ ಇಂಜೆಕ್ಷನ್ ಹಾಕ್ಸ್ಕೊಂಡು ಬಾ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನು.

ಹುಬ್ಬಳ್ಳಿ_ಮಂದಿ (ಶನಿವಾರ 10:48)

ಸಿಸ್ಟರ್ ಹೇಳಿದ್ದು ಖರೇ ಐತ್ರಿ ಅಕ್ಕಾರ, ಹೋಗಬ್ಯಾಡ್ರಿ. ನಮ್ಮ ತಮ್ಮಗ ಹಿಂಗ ಆಗಿತ್ತು, ಜ್ವರ ಬಿಟ್ಟೈತಿ ಅಂತ ಮರುದಿನ ಡ್ಯೂಟಿಗೆ ಹೋದ, ಮನ್ಯಾಗ ಅವ್ವ ಬ್ಯಾಡಂದ್ರೂ ಕೇಳಲಿಲ್ಲ, ಮಧ್ಯಾಹ್ನದೊಳಗ ಹೊಟ್ಟಿ ನೋವು ಅಂತ ಕುಂತಾನ, ಸಂಜಿಗೆ ಕೈಕಾಲು ಬರ್ಫ್ ಆಗಿದ್ವು. ಜೊತಿಗೆ ಕೆಲ್ಸ ಮಾಡೋ ಹುಡುಗ್ರು ಆಟೋದಾಗ ಹಾಕ್ಕೊಂಡು ಹೋದ್ರು, ಬಿಪಿ ಸಿಗವಲ್ದು ಅಂತ ಡಾಕ್ಟರು ಓಡಾಡಿದ್ದು ನಾ ಕಣ್ಣಾರೆ ನೋಡೇನಿ. ಟೈಮಿಗೆ ಸಲೈನ್ ಹಚ್ಚಿದ್ರು, ಹುಡುಗ ಉಳಿದ, ಈಗ ಗಟ್ಟಿಮುಟ್ಟ ಅದಾನ. ಆ ಹುಡುಗ್ರು ಅಲ್ಲಿ ಇದ್ದಿದ್ದಕ್ಕ ಉಳಿದ್ನಿರಿ, ರೂಮಿನ್ಯಾಗ ಒಬ್ನ ಇದ್ದಿದ್ರ ಏನ್ ಆಗ್ತಿತ್ತು ಅಂತ ಅವ್ವ ಇನ್ನೂ ನೆನಸ್ಕೊಂಡು ಅಳ್ತಾಳ.

ಬರ್ತ್‌ಡೇ ಮುಂದಿನ ತಿಂಗಳ ಮಾಡ್ಕೋರಿ. ಈಗ ಯಾರನ್ನಾರ ಕರಿಸ್ಕೋರಿ ಮದ್ಲ.

ಗ್ರೀನ್_ಹೆಲ್ತ್ (ಶನಿವಾರ 11:10)

ಇಷ್ಟೊಂದು ಹೆದರಿಸೋದು ಯಾಕೆ ಸ್ವಾಮಿ. ಪಪ್ಪಾಯ ಎಲೆ ರಸ ಬೆಳಿಗ್ಗೆ ಸಾಯಂಕಾಲ ಕುಡೀರಿ, ಜೊತೆಗೆ ಕಿವಿ ಹಣ್ಣು, ದಾಳಿಂಬೆ ಜ್ಯೂಸ್, ಪ್ಲೇಟ್‌ಲೆಟ್ ತಾನಾಗೇ ಏರುತ್ತೆ. 50 ಸಾವಿರದ ಕೆಳಗೆ ಬಂದ್ರೆ ಪ್ಲೇಟ್‌ಲೆಟ್ ಹಾಕಿಸ್ಲೇಬೇಕು, ಈಗ್ಲೇ ಡೋನರ್ ಹುಡುಕಿಟ್ಕೊಳ್ಳಿ. ಎಷ್ಟೋ ಜನ ಡೆಂಗ್ಯೂ ಬಂದು ಓಡಾಡ್ಕೊಂಡೇ ಹುಷಾರಾಗಿದಾರೆ.

ಬೆಣ್ಣೆದೋಸೆ_ಸಿಸ್ಟರ್ (ಶನಿವಾರ 11:31)

ಓಡಾಡ್ಕೊಂಡು ಹುಷಾರಾದವ್ರು ಇದಾರೆ, ಹೌದು, ಹೆಚ್ಚಿನವ್ರು ಅವ್ರೇ. ಆದ್ರೆ ಯಾರು ಹಾಗೆ ದಾಟ್ತಾರೆ ಯಾರು ದಾಟಲ್ಲ ಅಂತ ಶನಿವಾರ ಬೆಳಿಗ್ಗೆ ಕೂತು ಹೇಳಕ್ಕೆ ನನ್ನ ಕೈಲೂ ಆಗಲ್ಲ ನಿಮ್ಮ ಕೈಲೂ ಆಗಲ್ಲ, ಅದಕ್ಕೇ ಕಾಯೋದು.

50 ಸಾವಿರಕ್ಕೆ ಪ್ಲೇಟ್‌ಲೆಟ್ ಹಾಕಲ್ಲ. ರಕ್ತಸ್ರಾವ ಇಲ್ದಿದ್ರೆ 10 ಸಾವಿರಕ್ಕಿಂತ ಕೆಳಗೆ ಹೋದಾಗ ಮಾತ್ರ ಡಾಕ್ಟರು ಅದರ ಬಗ್ಗೆ ಯೋಚಿಸ್ತಾರೆ, ರಕ್ತ ಹೋಗ್ತಿದ್ರೆ ಆ ಮಾತು ಬೇರೆ. ಎಲ್ರೂ ಪ್ಲೇಟ್‌ಲೆಟ್ ಒಂದನ್ನೇ ಹಿಡ್ಕೊಂಡು ಗಾಬರಿ ಆಗ್ತಾರೆ, ರಿಪೋರ್ಟಲ್ಲಿ ಪಿಸಿವಿ ಇಲ್ಲಾ ಹೆಮಟೋಕ್ರಿಟ್ ಅಂತ ಇನ್ನೊಂದು ಸಾಲು ಇರುತ್ತೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ, ಅದನ್ನ ನೋಡಿ. ನೀರಿನಂಶ ಸೋರಿದ್ರೆ ರಕ್ತ ಗಟ್ಟಿ ಆಗಿ ಅದು ಮೇಲೆ ಏರುತ್ತೆ. ಪ್ಲೇಟ್‌ಲೆಟ್ ಬೀಳ್ತಾ ಇದ್ದು ಪಿಸಿವಿ ಏರ್ತಾ ಇದ್ರೆ ಅದು ಆಸ್ಪತ್ರೆಗೆ ಹೊರಡೋ ಲಕ್ಷಣ. ಮೊದ್ಲಿದ್ದಕ್ಕಿಂತ ನೂರಕ್ಕೆ ಇಪ್ಪತ್ತು ಭಾಗ ಏರಿದ್ರೆ ಸೋರಿಕೆ ಆಗ್ತಿದೆ ಅಂತಲೇ ಲೆಕ್ಕ.

ಪಪ್ಪಾಯ ಎಲೆ ರಸದ ಬಗ್ಗೆ ಜಗಳ ಆಡಲ್ಲ, ಎಲ್ಲಾ ಮನೇಲೂ ಕೊಡ್ತಾರೆ. ಆದ್ರೆ ಕಹಿಗೆ ವಾಂತಿ ಆಗಿ ಒಳಗಿದ್ದ ನೀರೂ ಹೊರಗೆ ಹೋದ್ರೆ ಲಾಭಕ್ಕಿಂತ ನಷ್ಟ ಜಾಸ್ತಿ. ದಾಳಿಂಬೆ, ಬೀಟ್‌ರೂಟ್, ಕಲ್ಲಂಗಡಿ ಈ ಕೆಂಪು ಬಣ್ಣದವು ಎರಡು ದಿನ ಬೇಡ ಅಂತೀವಿ ನಾವು, ಹಣ್ಣು ಕೆಟ್ಟದ್ದಂತ ಅಲ್ಲ, ಆಮೇಲೆ ವಾಂತಿ ಆದ್ರೆ ಅದು ಜ್ಯೂಸೋ ರಕ್ತವೋ ಗೊತ್ತಾಗದೆ ಒದ್ದಾಡಬೇಕಾಗುತ್ತೆ.

ತೀರ್ಥಳ್ಳಿ_ಹುಡ್ಗಿ (ಶನಿವಾರ ಮಧ್ಯಾಹ್ನ 2:15)

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಸಿಸ್ಟರ್, ನಿಮ್ಮ ಮೆಸೇಜನ್ನ ಹಾಗೇ ಗ್ರೂಪಿಗೆ ಹಾಕ್ದೆ, ಐದು ನಿಮಿಷ ಯಾರೂ ಏನೂ ಬರೀಲಿಲ್ಲ, ಆಮೇಲೆ ಪುಣೆಯವ್ಳೇ ಫೋನ್ ಮಾಡಿ ಬುಕಿಂಗ್ ಕ್ಯಾನ್ಸಲ್ ಮಾಡಿದೀನಿ ಕಣೆ ಅಂದ್ಳು. ಅರ್ಧ ದುಡ್ಡು ವಾಪಸ್ ಬರಲ್ವಂತೆ, ಅದನ್ನ ಕೇಳೋಕೇ ಬಿಡಲಿಲ್ಲ ಅವ್ಳು. ಅಮ್ಮಂಗೂ ಹೇಳ್ದೆ. ನಾನು ಅಂದ್ಕೊಂಡಷ್ಟು ಹೆದರಲಿಲ್ಲ, ಹೋದ ವರ್ಷ ನಮ್ಮೂರಲ್ಲೇ ಪಕ್ಕದ ಮನೆಯವ್ರಿಗೆ ಆಗಿತ್ತಲ್ಲ, ಅವ್ರಿಗೆ ಎಲ್ಲಾ ಗೊತ್ತಿದೆ. ರಾಜಾಜಿನಗರದ ಚಿಕ್ಕಮ್ಮಂಗೆ ಅವ್ರೇ ಫೋನ್ ಮಾಡಿ, ಚಿಕ್ಕಮ್ಮ ಆಗ್ಲೇ ಬಂದು ಅಡುಗೆಮನೇಲಿ ಇದಾರೆ, ಸೋಮವಾರದ ತನಕ ಇಲ್ಲೇ ಇರ್ತಾರೆ. ಡಾಕ್ಟರಿಗೂ ತಿಳಿಸಿದ್ದಾಯ್ತು. ಇವತ್ತಿನ ರಿಪೋರ್ಟು ಪ್ಲೇಟ್‌ಲೆಟ್ 72 ಸಾವಿರ, ಪಿಸಿವಿ ಗುರುವಾರ 38 ಇತ್ತು ಈಗ 40. ಪರವಾಗಿಲ್ಲ, ನಾಳೆನೂ ಮಾಡಿಸಿ ಅಂದ್ರು.

ಸರಿ, ಮನೇಲೇ ಇರೋದು ಅಂತ ಆಯ್ತು. ಆದ್ರೂ ನಾಳೆ ಹೆಂಗೋ ಏನೋ. ಗೆಳತಿಯರು ಬರ್ತೀವಿ ಅಂತಿದಾರೆ, ಅವ್ರಿಗೆ ಹರಡಿಬಿಟ್ರೆ ಅಂತ ಭಯ. ಕೇಕ್ ತಿನ್ನಬಹುದಾ? ರೆಡ್ ವೆಲ್ವೆಟ್ ಆರ್ಡರ್ ಮಾಡಿದಾರೆ. ಊಟ ಯಾವುದೂ ಸೇರ್ತಿಲ್ಲ, ಬಾಯೆಲ್ಲಾ ಕಹಿ.

ಕುಡ್ಲದ_ಬೊಂಡ (ಶನಿವಾರ 2:40)

ಮೊದಲು ಒಂದು ಒಳ್ಳೆ ಸುದ್ದಿ ಹೇಳ್ತೇನೆ ಮಾರಾಯ್ರೆ, ಡೆಂಗ್ಯೂ ಮನುಷ್ಯರಿಂದ ಮನುಷ್ಯರಿಗೆ ಹಾಗೆ ಅಂಟುವುದಿಲ್ಲ. ಕೊರೋನಾ ಬಂದ ಮೇಲೆ ನಮಗೆಲ್ಲ ಕಾಯಿಲೆ ಅಂದ್ರೆ ದೂರ ನಿಲ್ಲುವುದೇ ಅಭ್ಯಾಸ ಆಗಿದೆ, ಇದಕ್ಕೆ ಅದು ಬೇಡ. ನಿಮ್ಮ ಗೆಳತಿಯರು ಪಕ್ಕದಲ್ಲೇ ಕೂತು ಕೈ ಹಿಡ್ಕೊಂಡು ಮಾತಾಡಬಹುದು, ತಬ್ಬಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ತಿಂದ್ರೂ ಬರುವುದಿಲ್ಲ. ಸಾಮಾನ್ಯವಾಗಿ ಹರಡುವುದು ಸೊಳ್ಳೆಯಿಂದ. ಅದಕ್ಕೆ ಒಂದು ಕೆಲಸ ಕಡ್ಡಾಯ ಮಾಡ್ಬೇಕು, ಹಗಲಲ್ಲೂ ಸೊಳ್ಳೆ ಪರದೆ ಒಳಗೆ ಮಲಗಿ. ಈ ಈಡಿಸ್ ಸೊಳ್ಳೆ ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜೋರು. ನಿಮ್ಮನ್ನು ಕಚ್ಚಿದ ಸೊಳ್ಳೆ ಕೆಲವು ದಿನ ಆದ ಮೇಲೆ ಚಿಕ್ಕಮ್ಮನನ್ನೋ ಗೆಳತಿಯನ್ನೋ ಕಚ್ಚಿದ್ರೆ ಅವರಿಗೆ ಬರ್ತದೆ. ಅವರೆಲ್ಲ ಪೂರ್ತಿ ತೋಳಿನ ಬಟ್ಟೆ ಹಾಕಿ, ಸೊಳ್ಳೆ ಕ್ರೀಮ್ ಹಚ್ಚಿಕೊಂಡು ಬರ್ಲಿ.

ಎಲ್ಲರೂ ಒಟ್ಟಿಗೆ ಬಂದು ಗಲಾಟೆ ಮಾಡುವುದು ಬೇಡ, ಇಬ್ಬರು ಬರ್ಲಿ, ಹೋಗ್ಲಿ, ಮತ್ತೆ ಇಬ್ಬರು. ಮಧ್ಯದಲ್ಲಿ ನೀವು ನಿದ್ದೆ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದು ಬೇಡ, ನಿದ್ದೆ ಬಂದ್ರೆ ನಿದ್ದೆ ಅಷ್ಟೆ.

ಕಣ್ಣಿನ ಹಿಂದೆ ನೋವಿದ್ರೆ ಮೊಬೈಲ್ ನೋಡಿದಷ್ಟೂ ಜಾಸ್ತಿ ಆಗ್ತದೆ. ನಾನು ಮಲಗಿದ್ದಾಗ ರೇಡಿಯೋ ಇಟ್ಕೊಂಡಿದ್ದೆ, ಬೆಂಗಳೂರಲ್ಲಿ 101.3ರಲ್ಲಿ ಆಕಾಶವಾಣಿಯ ಕಾಮನಬಿಲ್ಲು ಬರ್ತದಲ್ಲ, ಸಣ್ಣ ಸೌಂಡಲ್ಲಿ ಹಾಕಿಡಿ, ಮಧ್ಯಾಹ್ನ ಬೇಗ ಹೋಗ್ತದೆ. ಗೆಳತಿಯರ ಹತ್ರ ವಾಯ್ಸ್ ಮೆಸೇಜ್ ಕಳಿಸ್ಲಿಕ್ಕೆ ಹೇಳಿ, ಟೈಪ್ ಮಾಡಿದ್ದು ಓದುವ ಕಷ್ಟ ಇಲ್ಲ, ಅವರ ದನಿ ಕೇಳಿದ ಹಾಗೂ ಆಯ್ತು.

ಮೈಸೂರು_ಪದ್ಮಾವತಿಪುರ (ಶನಿವಾರ 3:20)

ಮಗಳೇ, ನನ್ನ ಮಕ್ಕಳಿಬ್ಬರಿಗೂ ಆಗಿತ್ತು, ಆ ಕಹಿ ಬಾಯಿ ನಂಗೆ ಗೊತ್ತು. ಊಟ ಮಾಡು ಊಟ ಮಾಡು ಅಂತ ನಿನ್ನ ಚಿಕ್ಕಮ್ಮ ತಟ್ಟೆ ತುಂಬಾ ಬಡಿಸೋದು ಬೇಡ, ಎರಡು ಗಂಟೆಗೊಂದ್ಸಲ ಒಂದು ಚಿಕ್ಕ ಬಟ್ಟಲು ಸಾಕು. ಅಕ್ಕಿ ಗಂಜಿಗೆ ಉಪ್ಪು, ಒಂದು ಚಮಚ ಮೊಸರು. ಬೇಳೆ ಕಟ್ಟಿನ ತಿಳಿಸಾರು, ಖಾರ ಕಮ್ಮಿ, ಜೀರಿಗೆ ಸ್ವಲ್ಪ ಮುಂದೆ, ಇದನ್ನ ಲೋಟಕ್ಕೆ ಹಾಕಿ ಬಿಸಿಬಿಸಿ ಕುಡಿಯೋದೇ. ಮೆತ್ತಗಿನ ಇಡ್ಲಿ ಅರ್ಧ ಹಾಲಲ್ಲಿ ನೆನೆಸಿ. ರಾಗಿ ಅಂಬಲಿ ಮಜ್ಜಿಗೆ ಹಾಕಿದ್ದು. ನಿಂಬೆಹಣ್ಣಿನ ಪಾನಕಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದ್ರೆ ಬಾಯಿ ಕಹಿ ಸ್ವಲ್ಪ ಬಿಡುತ್ತೆ. ಉಪ್ಪಿನಕಾಯಿ, ಕರಿದದ್ದು, ಹೋಟ್ಲಿಂದ ತರಿಸಿದ್ದು ಈಗ ಬೇಡಮ್ಮ.

ರೆಡ್ ವೆಲ್ವೆಟ್ ಬೇಡ, ಸಿಸ್ಟರ್ ಹೇಳಿದ್ರಲ್ಲ ಅದೇ ಕಾರಣಕ್ಕೆ. ಚಾಕೊಲೇಟ್ ಕೇಕೂ ಹಾಗೇ, ಕಪ್ಪು ಬಣ್ಣ. ಬಿಳೀದು, ಕ್ರೀಮ್ ಇಲ್ದಿರೋ ಸಾದಾ ಕೇಕ್ ಒಂದು ತುಂಡು ತಿಂದ್ರೆ ಏನೂ ಆಗಲ್ಲ ಅನ್ಸುತ್ತೆ. ನನ್ನ ಕೇಳಿದ್ರೆ ಕೇಕಿಗಿಂತ ಹೆಸರುಬೇಳೆ ಪಾಯಸ ಮಾಡಿಸ್ಕೋ, ಗಟ್ಟಿಯಾಗಿ ಬೇಡ ಕುಡಿಯೋ ಹಾಗೆ ನೀರಾಗಿ, ಬೆಲ್ಲ ಹಿತವಾಗಿ, ಒಂದು ಏಲಕ್ಕಿ. ತುಪ್ಪ ಗೋಡಂಬಿ ಈ ಸಲ ಬಿಡ್ಲಿ. ಹೊಟ್ಟೆಗೂ ಹಿತ, ಸಿಹಿ ಮಾಡಿದ ಹಾಗೂ ಆಯ್ತು.

ಹುಟ್ಟಿದಬ್ಬದ ಎಣ್ಣೆ ಸ್ನಾನ ಅಂತ ಶುರು ಮಾಡ್ಬೇಡಿ, ನಿತ್ರಾಣದಲ್ಲಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದುಬಿಟ್ರೆ ಕಷ್ಟ. ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸ್ಕೊಂಡು ಹೊಸದೋ ಮಡಿಯದೋ ಒಂದು ಹತ್ತಿ ಬಟ್ಟೆ ಹಾಕ್ಕೊಂಡ್ರೆ ಸಾಕು. ಚಿಕ್ಕಮ್ಮ ಮಂಚದ ಹತ್ರಾನೇ ಆರತಿ ಮಾಡ್ಲಿ.

ಇನ್ನೊಂದು ಮಾತು. ನಿನ್ನ ಜಾತಕ ತೆಗೆದು ತಿಥಿ ನೋಡಿಸು. ತಾರೀಖು ನಾಳೆ ಇರಬಹುದು, ತಿಥಿ ಪ್ರಕಾರ ನಿನ್ನ ಹುಟ್ಟಿದಬ್ಬ ಇನ್ನೂ ಬಂದೇ ಇಲ್ದೆ ಇರಬಹುದು. ನಮ್ಮನೇಲಿ ತಿಥಿಗೇ ದೇವಸ್ಥಾನ, ಪಾಯಸ, ಎಲ್ಲಾ. ತಾರೀಖಿಗೆ ಮಕ್ಕಳು ಕೇಕ್ ಕತ್ತರಿಸ್ಕೋತಾರೆ ಅಷ್ಟೇ.

ಎರಡನೇ_ಹಂತ (ಶನಿವಾರ ಸಂಜೆ 5:05)

ನೀವು ಹುಷಾರಾಗೋದು ಮುಖ್ಯ, ಅದರ ಬಗ್ಗೆ ಎಲ್ಲಾ ಚೆನ್ನಾಗಿ ಹೇಳಿದಾರೆ. ನಾನು ಮನೆ ಬಗ್ಗೆ ಹೇಳ್ತೀನಿ, ಯಾಕಂದ್ರೆ ಸೊಳ್ಳೆ ಎಲ್ಲಿಂದಲೋ ಬಂದಿದೆ, ಬಹುಶಃ ನಿಮ್ಮ ಬಿಲ್ಡಿಂಗಲ್ಲೇ ಹುಟ್ಟಿರೋದು, ಅದು ದೂರ ಹಾರೋ ಜಾತಿ ಅಲ್ಲ. ಚರಂಡಿ ನೀರಲ್ಲಿ ಹುಟ್ಟಲ್ಲ, ಶುದ್ಧ ನೀರು ನಿಂತಿರೋ ಕಡೆ ಹುಟ್ಟುತ್ತೆ. ಗಿಡದ ಕುಂಡದ ಕೆಳಗಿನ ತಟ್ಟೆ, ಮುಚ್ಚಳ ಸರಿ ಇಲ್ದಿರೋ ಸಂಪು, ಟೆರೇಸಲ್ಲಿ ಬಿಸಾಕಿರೋ ಬಕೆಟ್, ಟೈರ್, ಎಳನೀರು ಬುರುಡೆ, ಫ್ರಿಡ್ಜ್ ಹಿಂದಿನ ಟ್ರೇ ಇದನ್ನ ಯಾರೂ ನೋಡೋದೇ ಇಲ್ಲ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ವಾರ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಮ್ಮೆ ಎಲ್ಲಾ ನೀರು ಚೆಲ್ಲಿ ಉಜ್ಜಬೇಕು. ಉಜ್ಜೋದು ಮುಖ್ಯ, ಮೊಟ್ಟೆ ಪಾತ್ರೆ ಗೋಡೆಗೆ ಅಂಟ್ಕೊಂಡಿರುತ್ತೆ, ನೀರು ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಮತ್ತೆ ನೀರು ಬಿದ್ರೆ ಮರಿ ಆಗುತ್ತೆ.

ಇದನ್ನ ನೀವು ಮಾಡ್ಬೇಡಿ, ನಾಳೆ ಬರೋ ಗೆಳತಿಯರಿಗೆ ಹೇಳಿ, ಹತ್ತು ನಿಮಿಷ ಟೆರೇಸಿಗೆ ಹೋಗಿ ಬರ್ಲಿ, ಅದಕ್ಕಿಂತ ಒಳ್ಳೆ ಗಿಫ್ಟ್ ಬೇಡ. ಓನರ್‌ಗೂ ಹೇಳಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋಕೆ ಬಿಟ್ಟ ಮನೆಯವ್ರಿಗೆ ನಗರಗಳಲ್ಲಿ 400 ರೂಪಾಯಿ ದಂಡ ಅಂತ ನಿಯಮ ತಂತು, ಕಟ್ಟಡ ಕಟ್ತಿರೋ ಜಾಗಕ್ಕೆ ಇನ್ನೂ ಜಾಸ್ತಿ. ರಾತ್ರಿ ಹೊತ್ತು ಏನಾದ್ರೂ ಕೇಳ್ಬೇಕು ಅಂದ್ರೆ ಆರೋಗ್ಯ ಸಹಾಯವಾಣಿ 104, ಆಂಬ್ಯುಲೆನ್ಸಿಗೆ 108, ಎರಡನ್ನೂ ಚಿಕ್ಕಮ್ಮನ ಫೋನಲ್ಲಿ ಸೇವ್ ಮಾಡಿ.

ತೀರ್ಥಳ್ಳಿ_ಹುಡ್ಗಿ (ಭಾನುವಾರ ಸಂಜೆ 6:30)

ಪರದೆ ಒಳಗಿಂದ ಬರೀತಿದೀನಿ. ಬೆಳಿಗ್ಗೆ ಪ್ಲೇಟ್‌ಲೆಟ್ 61 ಸಾವಿರ, ಸ್ವಲ್ಪ ಎದೆ ಧಸಕ್ ಅಂತು, ಆದ್ರೆ ಪಿಸಿವಿ 40ರಲ್ಲೇ ನಿಂತಿದೆ, ಡಾಕ್ಟರು ಹೊಟ್ಟೆ ಮುಟ್ಟಿ ಬಿಪಿ ನೋಡಿ ಸರಿ ಇದೆ, ಮನೇಲೇ ಇರಿ ಅಂದ್ರು. ಹೊಟ್ಟೆ ನೋವಿಲ್ಲ, ವಾಂತಿ ನಿನ್ನೆ ರಾತ್ರಿ ಒಂದ್ಸಲ ಆಯ್ತು ಅಷ್ಟೇ. ಚಿಕ್ಕಮ್ಮ ನಿನ್ನೆ ಕ್ಯಾಲೆಂಡರ್ ಹಿಂದೆ ನಾನು ಏನು ಕುಡಿದೆ, ಯಾವಾಗ ಬಾತ್‌ರೂಮಿಗೆ ಹೋದೆ ಎಲ್ಲಾ ಪೆನ್ನಲ್ಲಿ ಬರೆದಿಟ್ಟಿದಾರೆ, ಡಾಕ್ಟರು ಅದನ್ನ ನೋಡಿ ಎಲ್ಲಾ ಮನೇಲೂ ಹಿಂಗೇ ಮಾಡಿದ್ರೆ ನಮಗೆಷ್ಟು ಸುಲಭ ಅಂದ್ರು.

ಗೆಳತಿಯರು ಇಬ್ಬಿಬ್ರಾಗಿ ಬಂದ್ರು. ಪುಣೆಯವ್ಳು ಮಾತ್ರ ಬೆಳಿಗ್ಗೆ ಬಂದೋಳು ಹೋಗ್ಲೇ ಇಲ್ಲ, ಪರದೆ ಒಳಗೆ ನನ್ನ ಪಕ್ಕದಲ್ಲೇ ಮಲ್ಕೊಂಡು ರೇಡಿಯೋ ಕೇಳ್ತಾ ಅವ್ಳಿಗೇ ನಿದ್ದೆ ಬಂದ್ಬಿಡ್ತು. ಒಬ್ಳು ರೆಡ್ ವೆಲ್ವೆಟ್ ಕೇಕನ್ನ ಕೆಳಗಿನ ಮನೆ ಮಕ್ಕಳಿಗೆ ಕೊಟ್ಟು ಸಾದಾ ವೆನಿಲ್ಲಾ ತಂದಿದ್ಳು. ಅದನ್ನ ಒಂದು ತುತ್ತು ತಿಂದೆ. ಪಾಯಸ ಅರ್ಧ ಲೋಟ ಕುಡಿದೆ, ಆಂಟಿ, ಮೂರು ದಿನದಲ್ಲಿ ಬಾಯಿಗೆ ರುಚಿ ಅಂತ ಅನ್ನಿಸಿದ್ದು ಅದೊಂದೇ. ಇಬ್ರು ಟೆರೇಸಿಗೆ ಹೋಗಿದ್ರು, ಓನರ್ ಇಟ್ಟಿದ್ದ ಹಳೇ ಡ್ರಮ್ಮಲ್ಲಿ ಹುಳ ಓಡಾಡ್ತಿತ್ತಂತೆ, ವಿಡಿಯೋ ಮಾಡಿ ಓನರ್‌ಗೆ ತೋರ್ಸಿ ಅವ್ರ ಎದುರಿಗೇ ಚೆಲ್ಲಿ ಉಜ್ಜಿ ಬಂದ್ರು. ಮಧ್ಯಾಹ್ನ ಅಮ್ಮ ವಿಡಿಯೋ ಕಾಲ್ ಮಾಡಿದ್ರು, ಅಜ್ಜಿ ಹಾಸಿಗೆಯಲ್ಲೇ ಎದ್ದು ಕೂತು ಅಕ್ಷತೆ ಹಾಕಿದ್ರು ಫೋನಿನ ಮೇಲೆ. ಆಗ ಅತ್ತೆ, ಆದ್ರೆ ನಿನ್ನೆ ಬೆಳಿಗ್ಗೆ ಅತ್ತ ಹಾಗೆ ಅಲ್ಲ.

ಅಮ್ಮ ಪಂಚಾಂಗ ನೋಡಿದ್ರು. ನಾನು ಹುಟ್ಟಿದ್ದು ಶ್ರಾವಣ ಮಾಸ, ಈಗಿನ್ನೂ ಆಷಾಢ ಮುಗಿದಿಲ್ಲ, ಹಾಗಾಗಿ ನನ್ನ ತಿಥಿ ಇನ್ನೂ ಬರಬೇಕು. ಅಷ್ಟರಲ್ಲಿ ಬಸ್ಸಲ್ಲಿ ಕೂರೋಷ್ಟು ಶಕ್ತಿ ಬಂದ್ರೆ ಊರಿಗೇ ಹೋಗ್ತೀನಿ.

ಒಂದು ಡೌಟು, ಇವತ್ತು ಸಂಜೆಯಿಂದ ಅಂಗೈ ಅಂಗಾಲು ಒಂದೇ ಸಮ ಕಡಿತ, ಕಾಲೆಲ್ಲಾ ಕೆಂಪಗಾಗಿ ಮಧ್ಯ ಮಧ್ಯ ಬಿಳಿ ಚುಕ್ಕೆ. ಇದೇನು?

ಬೆಣ್ಣೆದೋಸೆ_ಸಿಸ್ಟರ್ (ಭಾನುವಾರ ರಾತ್ರಿ 7:10)

ಹುಟ್ಟುಹಬ್ಬದ ಶುಭಾಶಯಗಳು ತಂಗಿ. ನಿನ್ನ ಚಿಕ್ಕಮ್ಮಂಗೆ ನನ್ನ ನಮಸ್ಕಾರ ಹೇಳು, ಬರೆದಿಡೋದು ತುಂಬಾ ದೊಡ್ಡ ಕೆಲಸ.

ಕಡಿತ, ಕೆಂಪು ಮಧ್ಯ ಬಿಳಿ ಚುಕ್ಕೆ, ಇದು ಸಾಮಾನ್ಯವಾಗಿ ಗುಣ ಆಗೋ ಹಂತದಲ್ಲಿ ಬರೋದು, ಹಸಿವೂ ಹಿಂದೇನೇ ಬರುತ್ತೆ. ಒಂದೆರಡು ದಿನ ಕಾಟ ಕೊಡುತ್ತೆ. ಉಗುರಲ್ಲಿ ಕೆರೀಬೇಡ, ತಣ್ಣೀರ ಬಟ್ಟೆ ಹಾಕು, ಕ್ಯಾಲಮೈನ್ ಲೋಷನ್ ಹಚ್ಚಬಹುದು, ನಾಳೆ ಡಾಕ್ಟರಿಗೆ ತೋರ್ಸು. ಹಾಗಂತ ಇವತ್ತು ರಾತ್ರಿ ಕಾವಲು ಬಿಡ್ಬೇಡಿ, ನಾಳೆ ಬೆಳಿಗ್ಗೆವರೆಗೆ ಅದೇ ಲೆಕ್ಕ, ಅದೇ ಎಚ್ಚರ. ಬೆಳಿಗ್ಗೆ ಸಿಬಿಸಿ, ಅಂದ್ರೆ ಅದೇ ಬ್ಲಡ್ ಟೆಸ್ಟ್, ಮಾಡಿಸಿ ಪಿಸಿವಿ ಎಷ್ಟು ಬಂತು ಅಂತ ಇಲ್ಲಿ ಬರಿ.

ಒಂದು ಪ್ರಶ್ನೆ, ಮುಂಚೆ ಯಾವತ್ತಾದ್ರೂ ಡೆಂಗ್ಯೂ ಬಂದಿತ್ತಾ? ಈ ವೈರಸ್ಸಲ್ಲಿ ನಾಲ್ಕು ಬಗೆ ಇದೆ, ಒಂದು ಬಂದು ಹೋದ್ರೆ ಅದೊಂದಕ್ಕೆ ಮಾತ್ರ ರಕ್ಷಣೆ, ಬೇರೆ ಬಗೆ ಎರಡನೇ ಸಲ ಬಂದ್ರೆ ಜೋರಾಗಿ ಆಗೋ ಸಾಧ್ಯತೆ ಜಾಸ್ತಿ. ಅದಕ್ಕೇ ಈ ರಿಪೋರ್ಟುಗಳನ್ನ ಎಸೀಬೇಡ, ಫೈಲ್ ಮಾಡಿ ಇಟ್ಕೋ.

ತೀರ್ಥಳ್ಳಿ_ಹುಡ್ಗಿ (ಸೋಮವಾರ ಬೆಳಿಗ್ಗೆ 11:45)

ಮುಂಚೆ ಬಂದಿರಲಿಲ್ಲ ಸಿಸ್ಟರ್, ಇದೇ ಮೊದಲು. ಪ್ಲೇಟ್‌ಲೆಟ್ 79 ಸಾವಿರ, ಪಿಸಿವಿ 38. ಡಾಕ್ಟರು ದಾಟ್ತು ಅಂದ್ರು, ಇನ್ನೊಂದ್ಸಲ ಗುರುವಾರ ನೋಡಣ, ಈ ವಾರ ಪೂರ್ತಿ ಆಫೀಸ್ ಬೇಡ ಅಂದ್ರು. ಚಿಕ್ಕಮ್ಮ ಇವತ್ತು ಸಂಜೆ ಹೊರಡ್ಬೇಕಿತ್ತು, ನಾಳೆ ಹೋಗ್ತೀನಿ ಅಂತಿದಾರೆ. ಬೆಳಿಗ್ಗೆ ಎರಡು ಇಡ್ಲಿ ತಿಂದೆ, ಮೂರನೇದು ಕೇಳಿದೆ.

ಹುಬ್ಬಳ್ಳಿ_ಮಂದಿ (ಸೋಮವಾರ 12:05)

ಭಾಳ ಛಲೋ ಆತ್ರಿ ಅಕ್ಕಾರ. ಸುಸ್ತು ಇನ್ನೂ ಎರಡ್ಮೂರು ವಾರ ಇರ್ತೈತಿ, ನಮ್ಮ ತಮ್ಮಗೂ ಹಂಗ ಇತ್ತು, ಮೆಟ್ಲಾ ಹತ್ತಿದ್ರ ಕುಂದರಬೇಕು ಅನ್ನಸ್ತಿತ್ತು. ಗಡಿಬಿಡಿ ಮಾಡಬ್ಯಾಡ್ರಿ. ಆ ಓನರ್ ಡ್ರಮ್ಮಿನ ಮ್ಯಾಲ ಮುಚ್ಚಳ ಹಾಕ್ಯಾನೋ ಇಲ್ಲೋ ಮುಂದಿನ ವಾರ ಒಮ್ಮೆ ಯಾರಿಗಾರ ಕಳಿಸಿ ನೋಡ್ರಿ.